ಗೆಳೆಯನಿಗೆ ಹೇಳದೆ ಉಳಿದ ಒಂದು ಮಾತು

ಅಮೆರಿಕದ ನಿರ್ದೇಶಕ ಮೈಕ್ ನಿಕೋಲ್ಸ್ 1971ರಲ್ಲಿ ತೆರೆಗೆ ತಂದ 'ಕಾರ್ನಲ್ ನಾಲೆಜ್' (ಅಂದರೆ ದೈಹಿಕ ಸಂಬಂಧ) ಚಿತ್ರದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ ಮೀಸಲು. ಕಥೆಯ ಕೊನೆಯವರೆಗಿನ ಸಂಗತಿಗಳು ಉತ್ತರಗಳಲ್ಲಿ ಬರುತ್ತವೆ. ಚಿತ್ರ ನೋಡಿಲ್ಲದವರು ಮೊದಲ ಉತ್ತರ ಓದಿ, ಚಿತ್ರ ನೋಡಿಕೊಂಡು ಬಂದು ಮುಂದುವರಿಯುವುದು ಒಳ್ಳೆಯದು.

ಪ್ರಶ್ನೆ: ಹೆಸರು ಕೇಳಿದರೆ 'ಆ ಥರದ' ಚಿತ್ರ ಅನ್ನಿಸುತ್ತದೆ. ನಿಜವಾಗಿ ಇದು ಯಾವುದರ ಬಗ್ಗೆ? ನೋಡುವಾಗ ಏನನ್ನು ಗಮನಿಸಬೇಕು?
– ಓದುಗರು, ತುಮಕೂರು

ಉತ್ತರ: ಇಬ್ಬರು ಗಂಡಸರ ಗೆಳೆತನದ ಬಗ್ಗೆ. ಜೊನಾಥನ್ ಮತ್ತು ಸ್ಯಾಂಡಿ 1940ರ ದಶಕದ ಕೊನೆಯಲ್ಲಿ ಮ್ಯಾಸಚೂಸೆಟ್ಸ್‌ನ ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಒಂದೇ ಕೋಣೆಯಲ್ಲಿರುವ ಹುಡುಗರು. ಅಲ್ಲಿಂದ ಹಿಡಿದು ನಲವತ್ತು ದಾಟುವವರೆಗೆ ಇಬ್ಬರ ಬದುಕಿಗೂ ಹೆಂಗಸರು ಬರುತ್ತಾರೆ, ಹೋಗುತ್ತಾರೆ. ಯಾವ ಸಂಬಂಧವೂ ನಿಲ್ಲುವುದಿಲ್ಲ. ಇಬ್ಬರು ಕೂತು ಅವರ ಬಗ್ಗೆ ಮಾತಾಡುವುದೊಂದು ಮಾತ್ರ ನಿಲ್ಲದೆ ನಡೆಯುತ್ತದೆ. ಜೊನಾಥನ್ ಆಗಿ ಜ್ಯಾಕ್ ನಿಕೋಲ್ಸನ್, ಸ್ಯಾಂಡಿಯಾಗಿ ಗಾಯಕ ಆರ್ಟ್ ಗಾರ್ಫಂಕಲ್.

ಗಮನಿಸಬೇಕಾದದ್ದು ಮೊದಲ ನಿಮಿಷದಲ್ಲೇ ಇದೆ. ಕಪ್ಪು ತೆರೆಯ ಮೇಲೆ ಹೆಸರುಗಳು ಮೂಡುತ್ತಿರುವಾಗ ಹಿನ್ನೆಲೆಯಲ್ಲಿ ಹುಡುಗರಿಬ್ಬರ ದನಿ ಕೇಳುತ್ತದೆ. ಪ್ರೀತಿಸುವುದು ಮೇಲೋ, ಪ್ರೀತಿ ಪಡೆಯುವುದು ಮೇಲೋ ಎಂಬ ಹಾಸ್ಟೆಲ್ ಚರ್ಚೆ. ಹೆಸರು ಓಡುವ ಹೊತ್ತಲ್ಲವೇ ಎಂದು ನಾವು ಪಕ್ಕದವರ ಜೊತೆ ಮಾತಿಗಿಳಿದರೆ ಇಡೀ ಚಿತ್ರದ ಬೀಗದ ಕೈ ಅಲ್ಲೇ ಕಳೆದುಹೋಗುತ್ತದೆ. ನಮಗೆ ಮುಖ ಕಾಣುವ ಮೊದಲೇ ಇವರ ಮಾತು ಪರಿಚಯವಾಗುತ್ತದೆ. ಮುಂದೆಯೂ ಅಷ್ಟೆ: ಹಾಸಿಗೆಯಲ್ಲಿ ನಡೆದದ್ದಕ್ಕಿಂತ ಅದನ್ನು ಗೆಳೆಯನಿಗೆ ವರದಿ ಮಾಡುವುದೇ ದೊಡ್ಡ ಘಟನೆ. ಪ್ರತಿ ದೃಶ್ಯದಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ನಡೆದದ್ದು ಏನು, ಗೆಳೆಯನಿಗೆ ಹೇಳಿದ್ದು ಏನು? ಎರಡರ ನಡುವಿನ ಅಂತರದಲ್ಲೇ ಕಥೆ ಇರುವುದು.

ಪ್ರಶ್ನೆ: ಮೊದಲ ಭಾಗದಲ್ಲಿ ಅಷ್ಟು ಮುಖ್ಯಳಾದ ಸೂಸನ್ ಆಮೇಲೆ ಕಾಣಿಸುವುದೇ ಇಲ್ಲ. ಚಿತ್ರಕಥೆಯಲ್ಲಿ ತಪ್ಪಾಗಿದೆಯೇ? ಅವಳು ಸ್ಯಾಂಡಿಯ ಹೆಂಡತಿಯಾದಳಲ್ಲವೇ?
– ಓದುಗಿ, ಹಾಸನ

ಉತ್ತರ: ತಪ್ಪಲ್ಲ, ಬೇಕೆಂದೇ ಮಾಡಿದ್ದು. ಚಿತ್ರದ ಅತ್ಯಂತ ಗಟ್ಟಿ ನಿರ್ಧಾರವೂ ಅದೇ.

ಎಳೆಎಳೆಯಾಗಿ ನೋಡೋಣ. ಕಾಲೇಜಿನ ಕೂಟವೊಂದಕ್ಕೆ ಸ್ಮಿತ್ ಕಾಲೇಜಿನ ಸೂಸನ್ ಬರುತ್ತಾಳೆ (ಕ್ಯಾಂಡಿಸ್ ಬರ್ಗನ್). ಜೊನಾಥನ್ ಅವಳನ್ನು ತನ್ನದೇ ಸ್ವತ್ತು ಎಂಬಂತೆ ಸ್ಯಾಂಡಿಗೆ 'ಬಿಟ್ಟುಕೊಡುತ್ತಾನೆ'. ಸ್ಯಾಂಡಿ ಅವಳ ಜೊತೆ ಓಡಾಡಿ, ಪ್ರತಿ ಹೆಜ್ಜೆಯನ್ನೂ ಕೋಣೆಗೆ ಬಂದು ಒಪ್ಪಿಸುತ್ತಾನೆ. ಅದನ್ನು ಕೇಳಿ ಕೇಳಿಯೇ ಜೊನಾಥನ್‌ಗೆ ಆಸೆ ಹುಟ್ಟುವುದು. ಹಿಂದಿನಿಂದ ಅವಳಿಗೆ ಫೋನ್ ಮಾಡುತ್ತಾನೆ, ಸಂಬಂಧ ಬೆಳೆಸುತ್ತಾನೆ. ಆಮೇಲೆ ತನಗೊಬ್ಬಳು ಸಿಕ್ಕಿದ್ದಾಳೆಂದು ಸ್ಯಾಂಡಿಗೆ ಹೇಳುತ್ತಾನೆ, ಬೇರೆ ಹೆಸರು ಕೊಟ್ಟು. ಎಲ್ಲವನ್ನೂ ಹಂಚಿಕೊಳ್ಳುವ ಗೆಳೆತನದಲ್ಲಿ ಹೇಳದೆ ಉಳಿದ ಮಾತು ಇದೊಂದೇ. ಮುಂದೆ ಎರಡು ದಶಕ ಇವರು ಆಡುವ ಮಾತೆಲ್ಲ ಈ ಸುಳ್ಳಿನ ಮೇಲೆಯೇ ನಿಂತಿದೆ.

ಎರಡನೇ ಭಾಗದಲ್ಲಿ ಸೂಸನ್ ಸ್ಯಾಂಡಿಯ ಮನೆಯಲ್ಲಿದ್ದಾಳೆ. ಆದರೆ ನಮಗೆ ಸಿಗುವುದು ಅವಳ ಬಗ್ಗೆ ಗಂಡ ಆಡುವ ಬೇಸರದ ಮಾತು ಮಾತ್ರ. ನೋಡುತ್ತಿರುವ ನಮಗೂ ಜೊನಾಥನ್‌ಗೆ ಸಿಗುವಷ್ಟೇ ಸೂಸನ್ ಸಿಗುತ್ತಾಳೆ. ಒಂದು ದೃಶ್ಯಕ್ಕಾದರೂ ಅವಳನ್ನು ಕರೆತಂದಿದ್ದರೆ ನಾವು ಗಂಡ-ಹೆಂಡಿರಲ್ಲಿ ಯಾರು ಸರಿ ಎಂದು ತೂಗಲು ಕೂರುತ್ತಿದ್ದೆವು. ಚಿತ್ರಕ್ಕೆ ಆ ತಕ್ಕಡಿ ಬೇಕಾಗಿಲ್ಲ. ಒಬ್ಬ ಹೆಣ್ಣು ಇಬ್ಬರು ಗಂಡಸರ ಮಾತಿನೊಳಗೆ ಹೇಗೆ ಕರಗಿಹೋಗುತ್ತಾಳೆ ಎಂಬುದನ್ನು ಅವಳನ್ನು ತೆರೆಯಿಂದಲೇ ತೆಗೆದುಹಾಕಿ ತೋರಿಸಲಾಗಿದೆ.

ಅವಳು ಒಂದೇ ಒಂದು ಸಲ ಮರಳುತ್ತಾಳೆ, ಫೋಟೊ ಆಗಿ. ಕೊನೆಯ ಭಾಗದಲ್ಲಿ ಜೊನಾಥನ್ ತನ್ನ ಬದುಕಿಗೆ ಬಂದ ಹೆಂಗಸರ ಚಿತ್ರಗಳನ್ನು ಸ್ಲೈಡ್ ಪ್ರೊಜೆಕ್ಟರ್‌ನಲ್ಲಿ ಹಾಕಿ, ಒಬ್ಬೊಬ್ಬರಿಗೂ ಹೊಲಸು ವಿವರಣೆ ಕೊಡುತ್ತಾನೆ. ಎದುರಿಗೆ ಸ್ಯಾಂಡಿ, ಅವನ ಪಕ್ಕದಲ್ಲಿ ಹದಿನೆಂಟರ ಗೆಳತಿ ಜೆನಿಫರ್. ನಡುವೆ ಸೂಸನ್ ಮುಖ ಬಂದುಬಿಡುತ್ತದೆ. ಜೊನಾಥನ್ ಗಡಿಬಿಡಿಯಲ್ಲಿ ಮುಂದಿನ ಸ್ಲೈಡಿಗೆ ಹಾರುತ್ತಾನೆ, ಆದರೆ ಸ್ಯಾಂಡಿಯ ಕಣ್ಣಿಗೆ ಬಿದ್ದಾಗಿದೆ. ಆ ಕ್ಷಣಕ್ಕೆ ಯಾರೂ ಬಾಯಿ ಬಿಡುವುದಿಲ್ಲ. ಚಿತ್ರವಿಡೀ ಮಾತಾಡಿದವರು ಮಾತಾಡಲೇಬೇಕಾದ ಕಡೆ ಸುಮ್ಮನಾಗುತ್ತಾರೆ.

ಪ್ರಶ್ನೆ: ನಾವು ಕಿರುಚಿತ್ರ ಮಾಡುವವರು. ಹೋಟೆಲಿನಲ್ಲಿ ಸೂಸನ್ ನಗುತ್ತಲೇ ಇರುವ ದೃಶ್ಯದಲ್ಲಿ ಕ್ಯಾಮೆರಾ ಅವಳ ಮುಖ ಬಿಟ್ಟು ಕದಲುವುದೇ ಇಲ್ಲ. ಅಂಥದ್ದನ್ನು ನಮ್ಮ ಸಣ್ಣ ಸಲಕರಣೆಯಲ್ಲಿ ಮಾಡುವುದು ಹೇಗೆ? ಒಮ್ಮೆ ಪ್ರಯತ್ನಿಸಿದೆವು, ಮುಖ ಪದೇಪದೇ ಮಸುಕಾಯಿತು, ನಗುವೂ ಸುಳ್ಳೆನಿಸಿತು.
– ಓದುಗರು, ಹುಬ್ಬಳ್ಳಿ

ಉತ್ತರ: ಆ ದೃಶ್ಯದ ಕಟ್ಟೋಣ ಸರಳ. ನಡುವೆ ಹುಡುಗಿ, ಎರಡೂ ಬದಿಗೆ ಹುಡುಗರು, ಕ್ಯಾಮೆರಾ ಹಿಡಿಯುವುದು ಅವಳೊಬ್ಬಳ ಮುಖ. ಹುಡುಗರು ಚೌಕಟ್ಟಿನ ಹೊರಗೆ ದನಿಯಾಗಿಯಷ್ಟೇ ಇರುತ್ತಾರೆ. ಇಬ್ಬರ ನಡುವೆ ಹಂಚಿಹೋದವಳ ಖುಷಿ ಮತ್ತು ಇಕ್ಕಟ್ಟು ಎರಡನ್ನೂ ಒಂದೇ ನಗೆಯಲ್ಲಿ ಹಿಡಿಯುವ ಉಪಾಯ ಇದು. ಛಾಯಾಗ್ರಾಹಕ ಜುಸೆಪ್ಪೆ ರೊಟುನ್ನೊ, ಇಟಲಿಯವರು. ವಿಸ್ಕಾಂಟಿ, ಫೆಲಿನಿ ಅವರಂಥ ನಿರ್ದೇಶಕರ ಜೊತೆ ಕೆಲಸ ಮಾಡಿದವರು.

ನಿಮ್ಮಲ್ಲಿ ಮುಖ ಮಸುಕಾಗಿದ್ದಕ್ಕೆ ಕಾರಣ ಬಹುತೇಕ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸ್ ಹಾಕಿ ಸುಮಾರು ಆರೂವರೆ ಅಡಿ, ಅಂದರೆ 2 ಮೀಟರ್ ದೂರದಲ್ಲಿ ನಿಂತರೆ ತಲೆ-ಹೆಗಲು ಸರಿಯಾಗಿ ಕೂರುತ್ತದೆ. ಆ ದೂರದಲ್ಲಿ ಎಫ್ 2.8 ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ ಬರೀ 9 ಸೆಂಟಿಮೀಟರ್. ಮನಸಾರೆ ನಗುವವರು ಹಿಂದಕ್ಕೆ ವಾಲಿ ಮುಂದಕ್ಕೆ ಬಾಗುವಾಗ ಅದಕ್ಕಿಂತ ಹೆಚ್ಚು ಚಲಿಸುತ್ತಾರೆ. ಕಿಂಡಿ ಕಿರಿದು ಮಾಡಿ ಎಫ್ 5.6ಕ್ಕೆ ಹೋಗಿ, ಆಳ ಎರಡರಷ್ಟಾಗುತ್ತದೆ. 2.8ರಿಂದ 5.6ಕ್ಕೆ ಎರಡು ಸ್ಟಾಪ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧ) ಆದ್ದರಿಂದ ಬೆಳಕು ನಾಲ್ಕು ಪಟ್ಟು ಬೇಕು. ಅಷ್ಟು ಬೆಳಕಿಲ್ಲದಿದ್ದರೆ ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) ಏರಿಸಿ. ಚೂರು ಕಾಳು ಕಾಳಾಗಿ ಕಂಡರೂ ಪರವಾಗಿಲ್ಲ, ಕಣ್ಣು ಮಸುಕಾಗಬಾರದು. ಆಟೋಫೋಕಸ್ ನಂಬಬೇಡಿ. ಕೈಯಿಂದ ಮುಖ ಮುಚ್ಚಿಕೊಂಡು ನಕ್ಕ ಕೂಡಲೇ ಅದು ಕೈಯನ್ನೋ ಹಿಂದಿನ ಗೋಡೆಯನ್ನೋ ಹಿಡಿದುಬಿಡುತ್ತದೆ.

ಹುಡುಗರಿಬ್ಬರನ್ನೂ ಲೆನ್ಸಿನ ಎಡಕ್ಕೊಬ್ಬ, ಬಲಕ್ಕೊಬ್ಬ, ಲೆನ್ಸಿನಿಂದ ಒಂದೂವರೆ ಅಡಿ ಅಂತರದಲ್ಲಿ ಕೂರಿಸಿ. ದೂರ ಹೋದಷ್ಟೂ ಅವಳು ತಿರುಗಿದಾಗ ಮುಖ ಕಡಿಮೆ ಕಾಣುತ್ತದೆ. ಅವರ ಕಣ್ಣಿನ ಎತ್ತರ ಲೆನ್ಸಿನ ಎತ್ತರಕ್ಕೆ ಸಮವಾಗಿರಲಿ, ಇಲ್ಲದಿದ್ದರೆ ಒಂದು ಕಡೆ ನೋಡುವಾಗ ಅವಳು ದೀನಳಾಗಿ ಕಾಣುತ್ತಾಳೆ. ಮೂವರಿಗೂ ಬೇರೆಬೇರೆ ಕಾಲರ್ ಮೈಕ್, ಬೇರೆಬೇರೆ ಟ್ರ್ಯಾಕ್. ಕೋಲಿನ ತುದಿಯ ಒಂದೇ ಬೂಮ್ ಮೈಕ್‌ನಲ್ಲಿ ಹಿಡಿದರೆ ನಗು ಮಾತನ್ನು ನುಂಗುತ್ತದೆ, ಎಡಿಟಿಂಗ್‌ನಲ್ಲಿ ಬಿಡಿಸಲಾಗುವುದಿಲ್ಲ.

ಇನ್ನು ನಗು. ಬರೆದ ಜೋಕನ್ನೇ ಪ್ರತಿ ಟೇಕ್‌ಗೂ ಹೇಳಿದರೆ ನಟಿ ಎಷ್ಟೆಂದು ನಗುತ್ತಾರೆ? ಆಡುವ ಮಾತು ನಮಗೆ ಪೂರ್ತಿ ಕೇಳಬೇಕಾಗಿಯೇ ಇಲ್ಲವಾದ್ದರಿಂದ ಹುಡುಗರಿಗೆ ಸ್ಕ್ರಿಪ್ಟಿನಲ್ಲಿಲ್ಲದ ಹತ್ತು ಹನ್ನೆರಡು ಮಾತು ಗುಟ್ಟಾಗಿ ಕೊಡಿ, ಪ್ರತಿ ಟೇಕ್‌ಗೂ ಹೊಸತು ಬರಲಿ. ಒಂದೂವರೆ ನಿಮಿಷಕ್ಕಿಂತ ಕಡಿಮೆ ಓಡಿಸಬೇಡಿ. ನಗು ಮುಗಿದು, ಉಸಿರು ತಗೊಂಡು, ಮುಖ ಇಳಿಯುತ್ತದಲ್ಲ, ನಿಮಗೆ ಬೇಕಾದದ್ದು ಆ ಕೊನೆಯ ಹತ್ತು ಸೆಕೆಂಡು. ಹುಡುಗರ ಮುಖದ ಶಾಟ್ ತೆಗೆದಿಟ್ಟುಕೊಳ್ಳುವ ಆಸೆ ಬರುತ್ತದೆ, ಬಿಡಿ. ತೆಗೆದಿಟ್ಟರೆ ಎಡಿಟಿಂಗ್ ಮೇಜಿನ ಮೇಲೆ ಧೈರ್ಯಗೆಟ್ಟು ಸೇರಿಸಿಯೇ ಸೇರಿಸುತ್ತೀರಿ.

ಕಾಲೇಜಿನ ಭಾಗ ಮುಗಿಯುವಾಗ ಇದೇ ಉಪಾಯ ತಿರುವುಮುರುವಾಗಿ ಬರುತ್ತದೆ. ಚೌಕಟ್ಟಿನಲ್ಲಿ ಜೊನಾಥನ್ ಮುಖವೊಂದೇ. ಸ್ಯಾಂಡಿ ಮತ್ತು ಸೂಸನ್ ಕ್ಯಾಂಪಿಂಗ್‌ಗೆ ಸಾಮಾನು ಕಟ್ಟುವ ಮಾತು ಹೊರಗಿನಿಂದ ಕೇಳುತ್ತದೆ. ಎರಡು ದೃಶ್ಯಗಳನ್ನೂ ಒಂದರ ಹಿಂದೊಂದು ಹಾಕಿ ನೋಡಿ, ಪಾಠ ಅಲ್ಲಿಯೇ ಇದೆ.

ಪ್ರಶ್ನೆ: ಬಾಬಿ ದಿನವಿಡೀ ಮಲಗಿರುತ್ತಾಳೆ, ಮನೆ ಗಲೀಜು. ಜೊನಾಥನ್ ಕೂಗಾಡುವುದರಲ್ಲಿ ತಪ್ಪೇನು ಎಂದು ನಮ್ಮ ಮನೆಯಲ್ಲೇ ವಾದವಾಯಿತು. ನೀವೇನು ಹೇಳುತ್ತೀರಿ?
– ಓದುಗಿ, ಮೈಸೂರು

ಉತ್ತರ: ಮನೆಯಲ್ಲಿ ವಾದಿಸಿದವರು ಹಿಂದಿನ ಒಂದು ದೃಶ್ಯ ಮರೆತಿದ್ದಾರೆ. ಬಾಬಿ (ಆನ್-ಮಾರ್ಗ್ರೆಟ್) ಟಿವಿ ಜಾಹೀರಾತಿನ ಮಾಡೆಲ್, ಸ್ವಂತ ದುಡಿಮೆ ಇದ್ದವಳು. ಕೆಲಸ ಬಿಡು ಎಂದವನೇ ಜೊನಾಥನ್. ಬಿಟ್ಟಳು. ಹೊರಗೆ ಹೋಗುವ ಕಾರಣ ಹೋಯಿತು, ತನ್ನದೆನ್ನುವ ಹಣ ಹೋಯಿತು, ಮದುವೆ ಎಂದರೆ ಅವನು ಸಿಡಿಯುತ್ತಾನೆ. ಅವಳ ನಿದ್ದೆ ಸೋಮಾರಿತನವಲ್ಲ, ಖಿನ್ನತೆ. ಹಗಲಿಡೀ ನಿದ್ದೆ, ಮನೆಗೆಲಸದಲ್ಲಿ ನಿರಾಸಕ್ತಿ, ಅಳು: ಖಿನ್ನತೆಯ ಹಲವು ಗುರುತುಗಳು ಇಲ್ಲಿವೆ. ಚಿತ್ರ ಆ ಪದ ಬಳಸದೆ ಕೋಣೆಯ ಸ್ಥಿತಿಯಿಂದಲೇ ಹೇಳುತ್ತದೆ.

ಆ ಜಗಳದ ಬರವಣಿಗೆ ನೋಡಿ. ಶುರುವಾಗುವುದು ಮನೆಯ ಅವ್ಯವಸ್ಥೆಯಿಂದ. ಅವನು ಮನೆಯ ಬಗ್ಗೆ ಕೂಗಿದಷ್ಟೂ ಅವಳು ಮದುವೆಯ ಬಗ್ಗೆ ಮಾತಾಡುತ್ತಾಳೆ. ಒಬ್ಬರ ಪ್ರಶ್ನೆಗೆ ಇನ್ನೊಬ್ಬರು ಉತ್ತರಿಸುವುದೇ ಇಲ್ಲ, ಇಬ್ಬರೂ ಬೇರೆಬೇರೆ ಜಗಳ ಆಡುತ್ತಿದ್ದಾರೆ. ಗಂಡ-ಹೆಂಡಿರ ಜಗಳ ಬರೆಯುವ ನಮ್ಮ ಚಿತ್ರಸಾಹಿತಿಗಳು ಈ ದೃಶ್ಯವನ್ನು ಸಾಲು ಸಾಲಾಗಿ ಬಿಡಿಸಿ ಓದಬೇಕು.

ಮುಂದೆ ಜೊನಾಥನ್ ಗೆಳೆಯನ ಜೊತೆ ಸಂಗಾತಿಗಳನ್ನು ಅದಲುಬದಲು ಮಾಡಿಕೊಳ್ಳುವ ಸಲಹೆ ಇಡುತ್ತಾನೆ (ಆಗ ಸ್ಯಾಂಡಿಯ ಜೊತೆಗಿರುವವಳು ಸೂಸನ್ ಅಲ್ಲ, ಇನ್ನೊಬ್ಬಳು). ಸ್ಯಾಂಡಿ ಒಪ್ಪುತ್ತಾನೆ. ಸ್ಯಾಂಡಿಯನ್ನು 'ಒಳ್ಳೆಯವ' ಎಂದುಕೊಂಡವರು ಇದನ್ನು ಮರೆಯಬಾರದು. ಒಳಗೆ ಹೋದ ಸ್ಯಾಂಡಿಗೆ ಕಾಣುವುದು ಮಾತ್ರೆ ನುಂಗಿ ಬಿದ್ದಿರುವ ಬಾಬಿ. ಆಗಲೂ ಜೊನಾಥನ್‌ಗೆ ಹೊಳೆಯುವುದು ಇವಳು ತನ್ನನ್ನು ಮದುವೆಗೆ ಸಿಕ್ಕಿಸಲು ಹೂಡಿದ ಆಟ ಎಂದು. ಮದುವೆ ಆಗುತ್ತದೆ, ವಿಚ್ಛೇದನವೂ ಆಗುತ್ತದೆ. ಎರಡೂ ತೆರೆಯ ಹಿಂದೆಯೇ. ಹಾಡು-ಕುಣಿತದ ತಾರೆಯೆಂದೇ ಹೆಸರಾಗಿದ್ದ ಆನ್-ಮಾರ್ಗ್ರೆಟ್ ಈ ಪಾತ್ರಕ್ಕೆ ಗೋಲ್ಡನ್ ಗ್ಲೋಬ್ ಪಡೆದರು, ಆಸ್ಕರ್‌ಗೂ ನಾಮನಿರ್ದೇಶನಗೊಂಡರು. ಚಿತ್ರದ ಅತ್ಯುತ್ತಮ ಅಭಿನಯ ಅವರದೇ. ನಿಕೋಲ್ಸನ್ ಅವರದಲ್ಲ.

ಪ್ರಶ್ನೆ: ಈ ಚಿತ್ರ ತೋರಿಸಿದ್ದಕ್ಕೆ ಅಮೆರಿಕದಲ್ಲಿ ಒಬ್ಬರಿಗೆ ಶಿಕ್ಷೆಯಾಗಿತ್ತಂತೆ, ನಿಜವೇ? ನಮ್ಮ ಕಾನೂನಿನಲ್ಲಿ ಹೇಗೆ?
– ಓದುಗರು, ಬೆಳಗಾವಿ

ಉತ್ತರ: ನಿಜ. ಜಾರ್ಜಿಯಾ ರಾಜ್ಯದ ಆಲ್ಬನಿ ಊರಿನಲ್ಲಿ 1972ರ ಜನವರಿ 13ರಂದು ಪೊಲೀಸರು ಚಿತ್ರದ ಪ್ರಿಂಟ್ ವಶಪಡಿಸಿಕೊಂಡರು. ಚಿತ್ರಮಂದಿರದ ಮ್ಯಾನೇಜರ್‌ಗೆ ಅಶ್ಲೀಲ ವಸ್ತು ಹಂಚಿದ ಆರೋಪದ ಮೇಲೆ 750 ಡಾಲರ್ ದಂಡ, 12 ತಿಂಗಳ ಪ್ರೊಬೇಷನ್ (ಜೈಲಿನ ಬದಲು ನಿಗಾದಡಿ ಇರುವುದು). ರಾಜ್ಯದ ಸುಪ್ರೀಂ ಕೋರ್ಟ್ ಶಿಕ್ಷೆ ಎತ್ತಿಹಿಡಿಯಿತು. ಆದರೆ 1974ರ ಜೂನ್ 24ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು, ಒಬ್ಬ ನ್ಯಾಯಮೂರ್ತಿಯದೂ ಭಿನ್ನಮತವಿರಲಿಲ್ಲ. ತೀರ್ಪು ಬರೆದವರು ನ್ಯಾಯಮೂರ್ತಿ ರೆನ್‌ಕ್ವಿಸ್ಟ್. ಅಂಥ ಕ್ಷಣಗಳಲ್ಲಿ ಕ್ಯಾಮೆರಾ ದೇಹಗಳ ಮೇಲೆ ನಿಲ್ಲುವುದಿಲ್ಲ, ಬರೀ ನಗ್ನತೆ ಇದ್ದ ಮಾತ್ರಕ್ಕೆ ಅಶ್ಲೀಲವಾಗುವುದಿಲ್ಲ ಎಂಬುದು ಅದರ ಸಾರ. ಅಶ್ಲೀಲತೆಯನ್ನು ಸ್ಥಳೀಯರ ಮಾನದಂಡದಿಂದ ಅಳೆಯಬಹುದೆಂದು ಅದೇ ಕೋರ್ಟ್ 1973ರ 'ಮಿಲ್ಲರ್' ಪ್ರಕರಣದಲ್ಲಿ ಹೇಳಿತ್ತು. ಸ್ಥಳೀಯ ಜ್ಯೂರಿಗೆ ಅಂಕೆಯಿಲ್ಲದ ಅಧಿಕಾರವೇನೂ ಇಲ್ಲ ಎಂದು ಇಲ್ಲಿ ಗೆರೆ ಎಳೆಯಿತು.

ನಮ್ಮಲ್ಲಿ 1964ರ ರಂಜಿತ್ ಉದೇಶಿ ತೀರ್ಪು ಹಳೆಯ ಇಂಗ್ಲಿಷ್ 'ಹಿಕ್ಲಿನ್' ಅಳತೆಗೋಲನ್ನು, ಅಂದರೆ ಸುಲಭವಾಗಿ ಕೆಡಬಹುದಾದ ಮನಸ್ಸನ್ನು ಇದು ಕೆಡಿಸುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು, ಅನುಸರಿಸಿತ್ತು. 1996ರಲ್ಲಿ 'ಬ್ಯಾಂಡಿಟ್ ಕ್ವೀನ್' ಪ್ರಕರಣದಲ್ಲಿ ನಗ್ನ ದೃಶ್ಯವನ್ನು ಸಂದರ್ಭದೊಳಗಿಟ್ಟು ನೋಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. 2014ರ ಅವೀಕ್ ಸರ್ಕಾರ್ ಪ್ರಕರಣದಲ್ಲಿ ಹಿಕ್ಲಿನ್ ಅನ್ನೇ ಬಿಟ್ಟು ಸಮಕಾಲೀನ ಸಮಾಜದ ಮಾನದಂಡಕ್ಕೆ ಬಂತು. ಅಶ್ಲೀಲ ವಸ್ತುಗಳ ಕುರಿತ ಐಪಿಸಿ 292 ಈಗ ಭಾರತೀಯ ನ್ಯಾಯ ಸಂಹಿತೆಯ 294 ಆಗಿದೆ.

ಪ್ರಶ್ನೆ: ನಮ್ಮ ಸಿನಿಮಾ ಬಳಗದಲ್ಲಿ ತೋರಿಸಬೇಕೆಂದಿದ್ದೇವೆ. ಏನೇನು ಸಿದ್ಧತೆ ಬೇಕು?
– ಓದುಗರು, ಶಿವಮೊಗ್ಗ

ಉತ್ತರ: ಮೊದಲು ಕಾಗದಪತ್ರ. ಡಿವಿಡಿಯೋ ಒಟಿಟಿ ಚಂದಾದಾರಿಕೆಯೋ ಇದ್ದರೆ ಅದು ಮನೆಯಲ್ಲಿ ನೋಡಲು ಮಾತ್ರ. ಸಭೆಗೆ ತೋರಿಸಲು ಹಕ್ಕುದಾರರಿಂದ ಪ್ರತ್ಯೇಕ ಪ್ರದರ್ಶನ ಪರವಾನಗಿ ಬೇಕು. ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 9ನೇ ಕಲಂ ಕೇಂದ್ರ ಸರ್ಕಾರಕ್ಕೆ ವಿನಾಯಿತಿ ಕೊಡುವ ಅಧಿಕಾರ ನೀಡಿದೆ. ಬಳಗ ನೋಂದಣಿಯಾಗಿಲ್ಲದಿದ್ದರೆ ನಿಮ್ಮ ಹತ್ತಿರದ ಹಳೆಯ ಫಿಲ್ಮ್ ಸೊಸೈಟಿಯ ಜೊತೆ ಸೇರಿ ಮಾಡುವುದು ಸುಲಭದ ದಾರಿ. ಈ ಚಿತ್ರ ಬಂದ 1971ರಲ್ಲೇ ಬೆಂಗಳೂರಿನಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಹುಟ್ಟಿದ್ದು. ಇಂಥ ಕೆಲಸದ ಅನುಭವ ನಮ್ಮ ನಾಡಿನಲ್ಲಿ ಸಾಕಷ್ಟಿದೆ. ಕರೆಯೋಲೆಯಲ್ಲಿ ವಯಸ್ಕರಿಗೆ ಮಾತ್ರ ಎಂದು ಸ್ಪಷ್ಟವಾಗಿ ಬರೆಯಿರಿ. ಆತ್ಮಹತ್ಯೆ ಯತ್ನದ ದೃಶ್ಯವಿದೆ ಎಂದೂ ಬರೆಯಿರಿ, ಅದು ತಿಳಿದಿದ್ದು ಬರುವುದು ಒಳ್ಳೆಯದು.

ಇನ್ನು ಪರದೆ. ಇದು ಅಗಲ ತೆರೆಯ ಚಿತ್ರ, 2.35ಕ್ಕೆ 1. ಹತ್ತು ಅಡಿ ಅಗಲದ ಪರದೆಯಲ್ಲಿ ಚಿತ್ರದ ಎತ್ತರ 4 ಅಡಿ 3 ಇಂಚು ಮಾತ್ರ. ಮಾಮೂಲಿ 16:9 ಪರದೆಯಾದರೆ ಮೇಲೂ ಕೆಳಗೂ ಎಂಟೆಂಟು ಇಂಚು ಕಪ್ಪು ಉಳಿಯುತ್ತದೆ. ಯಾರೋ ಒಬ್ಬರು 'ಪರದೆ ತುಂಬಲಿ' ಎಂದು ಜೂಮ್ ಒತ್ತುತ್ತಾರೆ, ಬಿಡಬೇಡಿ. ಹಳೆಯ ಟಿವಿಗೆ ಅಂತ ಬದಿ ಕತ್ತರಿಸಿದ ಪ್ರತಿಯಂತೂ ಬೇಡವೇ ಬೇಡ. ಯಾರು ಚೌಕಟ್ಟಿನ ಒಳಗಿದ್ದಾರೆ, ಯಾರು ಹೊರಗಿದ್ದಾರೆ ಎಂಬುದರ ಮೇಲೆಯೇ ನಿಂತ ಚಿತ್ರ ಇದು. ಬದಿ ಹೋದರೆ ಅರ್ಥವೇ ಹೋಯಿತು. ಮಾತೇ ಹೆಚ್ಚಾದ್ದರಿಂದ ಸ್ಪೀಕರ್ ಪರದೆಯ ಪಕ್ಕದಲ್ಲಿರಲಿ, ಹಾಲ್‌ನ ಫ್ಯಾನ್ ಸದ್ದು ಮೊದಲೇ ಪರೀಕ್ಷಿಸಿ. ಇಂಗ್ಲಿಷ್ ಕಷ್ಟವಾಗುವವರಿಗೆ ಮೂರೂ ಕಾಲಘಟ್ಟಗಳ ಒಂದು ಪುಟದ ಕನ್ನಡ ಟಿಪ್ಪಣಿ ಹಂಚಿ.

ಚಿತ್ರ 98 ನಿಮಿಷ. ಚರ್ಚೆಗೆ 40 ನಿಮಿಷ ಇಡಿ. 'ಇದು ಸ್ತ್ರೀದ್ವೇಷಿ ಚಿತ್ರವೇ' ಎಂಬ ಪ್ರಶ್ನೆಯಿಂದ ಶುರು ಮಾಡಿದರೆ ಐದೇ ನಿಮಿಷದಲ್ಲಿ ಸಭೆ ಎರಡು ಪಂಗಡವಾಗಿ ಕೂರುತ್ತದೆ. ಸ್ಲೈಡ್ ಪ್ರದರ್ಶನದ ದೃಶ್ಯದಲ್ಲಿ ಜೆನಿಫರ್ ಅಳುತ್ತಾ ಎದ್ದುಹೋಗುತ್ತಾಳೆ, ಸ್ಯಾಂಡಿ ಯಾವಾಗ ಏಳುತ್ತಾನೆ? ಅಂಥ ಸಣ್ಣ ಪ್ರಶ್ನೆ ಕೇಳಿ. ಚಿತ್ರ ದ್ವೇಷಿಯೋ, ದ್ವೇಷವನ್ನು ತೋರಿಸುತ್ತಿದೆಯೋ ಎಂಬುದು ತಾನಾಗಿ ಬರುತ್ತದೆ. ಜೊನಾಥನ್ ಸುಖವಾಗಿರುವ ಒಂದು ನಿಮಿಷವೂ ಚಿತ್ರದಲ್ಲಿಲ್ಲ ಎಂಬುದನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ.

ಪ್ರಶ್ನೆ: ಇಬ್ಬರು ಗೆಳೆಯರ ಇಂಥದ್ದೇ ಕಥೆಯನ್ನು ಕನ್ನಡದಲ್ಲಿ, ನಮ್ಮ ಹಾಸ್ಟೆಲ್-ಬೆಂಗಳೂರು ಹಿನ್ನೆಲೆಯಲ್ಲಿ ಬರೆಯುತ್ತಿದ್ದೇನೆ. ಮೂವತ್ತು ಪುಟಕ್ಕೆ ಬಂದು ನಿಂತಿದೆ. ಎಲ್ಲ ದೃಶ್ಯವೂ ಒಂದೇ ಥರ ಅನ್ನಿಸುತ್ತಿದೆ.
– ಓದುಗರು, ಧಾರವಾಡ

ಉತ್ತರ: ನಿಂತಿರುವ ಕಾರಣ ಊಹಿಸಬಹುದು: ನಿಮ್ಮ ಗೆಳೆಯರಿಬ್ಬರೂ ಒಬ್ಬರಿಗೊಬ್ಬರು ನಿಜ ಹೇಳುತ್ತಿದ್ದಾರೆ. ಹಾಗಾದಾಗ ಮಾತು ಬರೀ ಸುದ್ದಿಯಾಗುತ್ತದೆ.

ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ. ನಡೆದದ್ದು, ಗೆಳೆಯನಿಗೆ ಹೇಳಿದ್ದು, ಹುಡುಗಿಗೆ ಗೊತ್ತಿರುವುದು. ಬರೆದಿರುವ ಪ್ರತಿ ದೃಶ್ಯವನ್ನೂ ಒಂದೊಂದು ಸಾಲಿನಲ್ಲಿ ತುಂಬಿ. ಮೂರೂ ಕಾಲಂ ಒಂದೇ ಆಗಿರುವ ದೃಶ್ಯವನ್ನು ತೆಗೆದುಹಾಕಿ. ಮೂವತ್ತು ಪುಟ ಹನ್ನೆರಡಕ್ಕೆ ಇಳಿಯಬಹುದು, ಗಾಬರಿ ಬೇಡ. ಈ ಚಿತ್ರಕಥೆ ಬರೆದ ಜೂಲ್ಸ್ ಫೈಫರ್ ವ್ಯಂಗ್ಯಚಿತ್ರಕಾರರು. ಹಿನ್ನೆಲೆಯೇ ಇಲ್ಲದ ಚೌಕಗಳಲ್ಲಿ ಇಬ್ಬರನ್ನು ಮಾತಾಡಿಸುವುದು ಅವರ ಕೈಗೆ ಕೂತ ಕೆಲಸ. ಇದನ್ನೂ ಮೊದಲು ನಾಟಕವಾಗಿಯೇ ಬರೆದಿದ್ದರು, ಸಿನಿಮಾ ಆಗಲಿ ಎಂದವರು ನಿಕೋಲ್ಸ್. ಹಾಗಾಗಿ ಕಡಿಮೆ ದೃಶ್ಯ, ಉದ್ದ ದೃಶ್ಯ ಎಂಬುದಕ್ಕೆ ಅಂಜಬೇಕಿಲ್ಲ.

ಕಾಲ ಜಿಗಿಯುವಾಗ 'ಹತ್ತು ವರ್ಷದ ನಂತರ' ಎಂಬ ಬರಹ ಹಾಕಬೇಡಿ. ಇಲ್ಲಿ ಆ ಕೆಲಸವನ್ನು ಬಿಳಿ ಉಡುಪಿನ ಹುಡುಗಿಯೊಬ್ಬಳು ಮಂಜುಗಡ್ಡೆಯ ಮೇಲೆ ಸ್ಕೇಟಿಂಗ್ ಮಾಡುವ ಚಿತ್ರ ಮತ್ತು ಆಯಾ ಕಾಲದ ಹಾಡುಗಳು ಮಾಡುತ್ತವೆ. ನಿಮಗೆ ಕನ್ನಡದಲ್ಲಿ ಇನ್ನೂ ಸಲೀಸಾದ ಸಾಧನವಿದೆ: ಕರೆಯುವ ರೀತಿ. ಧಾರವಾಡದ ಹಾಸ್ಟೆಲಿನಲ್ಲಿ 'ಲೇ ದೋಸ್ತ' ಎಂದವರು ಬೆಂಗಳೂರಿನ ಪಿ.ಜಿ. ಕೋಣೆಗೆ ಬಂದ ಮೇಲೆ 'ಮಗಾ' ಎನ್ನುತ್ತಾರೆ. ನಲವತ್ತಕ್ಕೆ ಒಬ್ಬ ಇನ್ನೊಬ್ಬನನ್ನು 'ಏನ್ರೀ ಡಾಕ್ಟರ್ ಸಾಹೇಬ್ರ' ಎಂದುಬಿಟ್ಟರೆ ನಡುವೆ ಏನೋ ಮುರಿದಿದೆ ಎಂದು ನೋಡುವವರಿಗೆ ಗೊತ್ತಾಗುತ್ತದೆ.

ಹುಡುಗಿಯರಿಗೆ ಕೆಲಸ ಕೊಡಿ, ಸಂಬಳ ಕೊಡಿ, ಕಥೆಯೊಳಗೆ ಅದು ಯಾವ ದಿನ ನಿಂತಿತು ಎಂದು ಬರೆದಿಡಿ. ಬಾಬಿಯ ಬದುಕು ಕುಸಿಯತೊಡಗುವುದು ಅಲ್ಲಿಂದಲೇ.

ಪ್ರಶ್ನೆ: ಕೊನೆಯ ದೃಶ್ಯ ಅರ್ಥವಾಗಲಿಲ್ಲ. ಆ ಹೆಂಗಸು ಯಾಕೆ ಕಂಠಪಾಠ ಒಪ್ಪಿಸಿದಂತೆ ಮಾತಾಡುತ್ತಾಳೆ?
– ಓದುಗರು, ಮಂಗಳೂರು

ಉತ್ತರ: ಅದು ಕಂಠಪಾಠವೇ. ಲೂಯಿಸ್ (ರೀಟಾ ಮೊರೆನೊ) ಜೊನಾಥನ್ ಬಳಿಗೆ ಹಣ ಪಡೆದು ಬರುವವಳು. ಅವನ ಗಂಡಸುತನವನ್ನು ಹೊಗಳುವ ಮಾತನ್ನು ಅವನೇ ಬರೆದುಕೊಟ್ಟಂತಿದೆ, ಒಂದು ಪದ ಆಚೀಚೆಯಾದರೂ ಸಿಟ್ಟಾಗಿ ತಿದ್ದಿಸುತ್ತಾನೆ. ಆ ಮಾತು ತಪ್ಪಿಲ್ಲದೆ ಪೂರ್ತಿಯಾಗದೆ ಅವನ ದೇಹ ಸ್ಪಂದಿಸುವುದಿಲ್ಲ. ಮೊದಲು ಸಾಹಸಗಳನ್ನು ಕೇಳಲು ಸ್ಯಾಂಡಿ ಇದ್ದ. ಸ್ಲೈಡಿನ ರಾತ್ರಿಯ ನಂತರ ಸ್ಯಾಂಡಿಯನ್ನು ಮತ್ತೆ ಹಾಗೆ ಕೂರಿಸಿ ಕಥೆ ಹೇಳಲಾಗದು. ಈಗ ಹೇಳುವವಳೂ ಅವಳೇ, ಕೇಳುವವನು ಜೊನಾಥನ್ ಒಬ್ಬನೇ. ಮುಗಿಯುವ ಮುನ್ನ ಬಿಳಿ ಉಡುಪಿನ ಸ್ಕೇಟಿಂಗ್ ಹುಡುಗಿ ಇನ್ನೊಮ್ಮೆ ಬರುತ್ತಾಳೆ, ಅವಳಿಗೆ ಒಂದು ಮಾತೂ ಇಲ್ಲ.